ಒಂಬತ್ತು ಫರಸಿ ಕಡಿಮೆ

ಸೇಡಂನ ನನ್ನ ಮನೆಯ ಫರಸಿಕಲ್ಲಿನ ನೆಲದ ಮೇಲೆ ಕಾಲು ಚಾಚಿ ಕುಳಿತು ಹತ್ತನೆಯ ತರಗತಿಯ ಕಿರುಪರೀಕ್ಷೆ ತಿದ್ದುತ್ತಿದ್ದೆ. ಭಾನುವಾರ ಅರ್ಧ ಕರಗಿತ್ತು, ಪತ್ರಿಕೆಗಳ ಕಟ್ಟು ಕರಗಿರಲಿಲ್ಲ. ಒಬ್ಬ ಹುಡುಗಿಯ ಉತ್ತರಕ್ಕೆ ಅಡ್ಡಗೆರೆ ಎಳೆದು, ಸೊನ್ನೆ ಸುತ್ತಿ, ಪಕ್ಕದಲ್ಲಿ ‘ಎಲ್ಲಿಂದ ಬಂತು?’ ಎಂದು ಕೆಂಪಿನಲ್ಲಿ ಬರೆದೆ. ಬರೆದ ಮೇಲೆ ಕೈ ನಿಂತುಬಿಟ್ಟಿತು. ಅದು ನನ್ನ ಮಾತೇ ಅಲ್ಲ. ಶಹಾಬಾದಿನಲ್ಲಿ ನಮಗೆ ಗಣಿತ ಕಲಿಸಿದ ಮಾಸ್ತರರ ಮಾತು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ನೀವೂ ಹೈಸ್ಕೂಲು ದಾಟಿ ಬಂದವರೇ, ಹೇಳಿ: ಲೆಕ್ಕ ಯಾವುದೆಂದು ನೋಡುವ ಮೊದಲೇ ಅದನ್ನು ಬಿಡಿಸುವ ದಾರಿ ಯಾರಿಗಾದರೂ ಗೊತ್ತಾಗುತ್ತದೆಯೇ? ನಮಗೆ ಗೊತ್ತಾಗುತ್ತಿತ್ತು. ಮಾಸ್ತರರು ಬಂದವರೇ ಹಲಗೆಯ ಮೂಲೆಯಲ್ಲಿ ‘ವಿಧಾನ: ಅಪವರ್ತನ’ ಎಂದು ಬರೆದು ಸುತ್ತ ಚೌಕಟ್ಟು ಹಾಕುತ್ತಿದ್ದರು. ಲೆಕ್ಕ ಆಮೇಲೆ. ಅಡುಗೆ ಏನೆಂದು ಹೇಳದೆ ಕೈಗೆ ಸೌಟು ಕೊಟ್ಟ ಹಾಗೆ. ನಾನೋ, ಕೊಟ್ಟ ಸೌಟನ್ನು ತಿರುವುವ ಜಾಣೆ. ಯಾಕೆ ಎಂದು ಕೇಳುತ್ತಿರಲಿಲ್ಲ, ಅಂಕ ಮಾತ್ರ ತಪ್ಪದೆ ಬರುತ್ತಿತ್ತು.

ನನ್ನ ಪಕ್ಕ ಕೂರುತ್ತಿದ್ದ ಮಹಾದೇವಿ ಹಾಗಲ್ಲ. ಅವಳ ಅಪ್ಪ ಮನೆಗಳಿಗೆ ಫರಸಿ ಹಾಸುವವರು. ರಜೆಯಲ್ಲಿ ಅವಳೂ ಅಳತೆಯ ದಾರ ಹಿಡಿಯಲು ಹೋಗುತ್ತಿದ್ದಳು. ಒಂದು ದಿನ ಮನೆಗೆಲಸಕ್ಕೆ ಹೀಗೊಂದು ಲೆಕ್ಕ ಬಂತು: ಕೋಣೆಯ ಸುತ್ತಳತೆ ಅರವತ್ತು ಅಡಿ, ವಿಸ್ತೀರ್ಣ ಇನ್ನೂರ ಹದಿನಾರು ಚದರ ಅಡಿ, ಉದ್ದ, ಅಗಲ ಎಷ್ಟು? ಅವಳ ಮನೆಯ ಅಂಗಳದಲ್ಲಿ ಕುಳಿತು ನಾನು ‘ಎಕ್ಸ್’ ಎಂದು ಬರೆದು ಪೆನ್ನು ಕಚ್ಚುತ್ತಿದ್ದೆ. ಅವಳು ಇದ್ದಿಲಿನಿಂದ ನೆಲದ ಮೇಲೊಂದು ಚೌಕ ಎಳೆದಳು.

“ಉದ್ದ, ಅಗಲ ಕೂಡಿ ಮೂವತ್ತಡಿ. ಮೊದಲ ಚೌಕ ಹಾಸು, ಹದಿನೈದಕ್ಕ ಹದಿನೈದು. ಚದರಡಿಗೊಂದು ಫರಸಿ ಅಂದ್ರ ಇನ್ನೂರ ಇಪ್ಪತ್ತೈದು ಬೇಕು. ನಮ್ಮ ಹತ್ರ ಒಂಬತ್ತು ಕಡಿಮಿ ಅವ. ಉದ್ದ ಒಂದಡಿ ಜಗ್ಗಿ ಅಗಲ ಒಂದಡಿ ಬಿಟ್ರ ಒಂದು ಫರಸಿ ಉಳೀತದ. ಎರಡಡಿ ಜಗ್ಗಿದ್ರ ನಾಕು. ಮೂರಡಿಗಿ ಒಂಬತ್ತು.”

ಹದಿನೆಂಟು, ಹನ್ನೆರಡು. ಮುಗಿಯಿತು. ಅವಳ ಅಪ್ಪ ಕಲ್ಲು ಅಂದಾಜು ಮಾಡುವುದೇ ಹಾಗಂತೆ: ಮೊದಲು ಮನಸ್ಸಿನಲ್ಲಿ ಚೌಕ, ಆಮೇಲೆ ಎಳೆದಾಟ. ನನಗೆ ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು.

ಮರುದಿನ ಮಾಸ್ತರರು ಅವಳ ನೋಟ್‌ಬುಕ್ ಎತ್ತಿ ಹಿಡಿದರು. ಅದರಲ್ಲಿ ಒಂದು ಚೌಕ, ಎರಡು ಅಂಕಿ, ಅಷ್ಟೇ.

“ಎಲ್ಲಿಂದ ಬಂತು?”

“ಹಾಸಿ ನೋಡೀನ್ರಿ ಸರ್.”

ತರಗತಿ ಬಿದ್ದು ಬಿದ್ದು ನಕ್ಕಿತು. ಪುಸ್ತಕದ ಕೊನೆಯಲ್ಲಿರುವ ಉತ್ತರ ಕದ್ದು ಬರೆದವಳೆಂದು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಚಿತ್ತಾಪುರದ ಗಣಿತ ಸ್ಪರ್ಧೆಗೆ ಶಾಲೆಯಿಂದ ಒಬ್ಬರು ಹೋಗಬೇಕಿತ್ತು, ಅವಳೇ ಎಂದು ನಿಶ್ಚಯವಾಗಿತ್ತು. ಆ ಹೆಸರನ್ನು ಅಲ್ಲೇ ಹೊಡೆದು ಹಾಕಿ ನನ್ನದನ್ನು ಬರೆದರು. ನೋಡಿ ನ್ಯಾಯ! ಲೆಕ್ಕವನ್ನು ನಿಜವಾಗಿ ಬಿಡಿಸಿದವಳು ಕಳ್ಳಿ, ಹಲಗೆಯ ಮೂಲೆಯನ್ನು ನಕಲು ಮಾಡಿದ ನಾವೆಲ್ಲ ಸಾಚಾ.

ಬೆಂಚಿನ ಮೇಲಿಂದ ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಕಂಪಾಸ್ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕುತ್ತಿದ್ದೆ. ಮುಂದೆ ಚಿತ್ತಾಪುರಕ್ಕೂ ಹೋಗಿ ಬಂದೆ. ಬಹುಮಾನ ಬರಲಿಲ್ಲ. ಅಲ್ಲಿಯ ಲೆಕ್ಕಗಳ ಮೇಲೆ ವಿಧಾನ ಬರೆದಿರಲಿಲ್ಲ.

ಈಗ ಕೈಯಲ್ಲಿದ್ದ ಪತ್ರಿಕೆಯನ್ನು ಮತ್ತೆ ನೋಡಿದೆ. ಅದೇ ಜಾತಿಯ ಲೆಕ್ಕ, ಸುತ್ತಳತೆ ನಲವತ್ತು, ವಿಸ್ತೀರ್ಣ ತೊಂಬತ್ತಾರು. ಹುಡುಗಿ ಹತ್ತು-ಹತ್ತು, ಹನ್ನೊಂದು-ಒಂಬತ್ತು, ಹನ್ನೆರಡು-ಎಂಟು ಎಂದು ಸಾಲಾಗಿ ಗುಣಿಸಿ ನೋಡಿ, ನಿಲ್ಲಬೇಕಾದಲ್ಲಿ ನಿಂತಿದ್ದಳು. ಇಂಥದೇ ವಿಧಾನದಲ್ಲಿ ಬಿಡಿಸಿ ಎಂದು ಪ್ರಶ್ನೆಯಲ್ಲಿ ಇರಲೂ ಇಲ್ಲ. ಪ್ರಶ್ನೆ ತೆಗೆದವಳು ನಾನೇ. ಇಷ್ಟು ವರ್ಷ ಮಾಸ್ತರರನ್ನು ಬೈಯುತ್ತಲೇ ನಾನು ಅವರಾಗಿಬಿಟ್ಟಿದ್ದೆ. ನಾಚಿಕೆಯಾಯಿತು.

ಮಹಾದೇವಿ ಈಗ ಶಹಾಬಾದಿನಲ್ಲಿ ಫರಸಿ ಹಾಸುವ ಗುತ್ತಿಗೆ ಹಿಡಿಯುತ್ತಾಳೆ. ನಾನು ಕುಳಿತಿರುವ ಈ ನೆಲವೂ ಅವಳೇ ನಿಂತು ಹಾಸಿಸಿದ್ದು. ಆಗ ನಾಲ್ಕು ದಿನ ಎದುರುಬದುರು ಕುಳಿತು ಚಹಾ ಕುಡಿದೆವು, ಇಬ್ಬರೂ ಆ ಮಾತು ಎತ್ತಲಿಲ್ಲ. ಫೋನು ಮಾಡಿದೆ. ನೀನು ಕದ್ದಿರಲಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಸುಮ್ಮನಿದ್ದೆ ಎಂದೆ. ಆ ಕಡೆ ಅವಳು ಕಲ್ಲು ಕೊಯ್ಯುವ ಯಂತ್ರ ನಿಲ್ಲಿಸಲು ಯಾರಿಗೋ ಕೂಗಿ ಹೇಳಿದಳು.

“ನೀ ಚಿತ್ತಾಪುರಕ್ಕ ಹೋದಿ ಅಂತ ನಂಗ ಸಿಟ್ಟಿಲ್ಲ,” ಎಂದಳು. “ಎದ್ದು ನಿಂತು ಒಂದು ಮಾತು ಹೇಳಲಿಲ್ಲಲ್ಲ, ಆ ಸಿಟ್ಟದ. ಅದು ಹೋಗಂಗಿಲ್ಲ.”

ಹೋಗಬಾರದು ಕೂಡ. ಫೋನಿಟ್ಟು ಪತ್ರಿಕೆ ಎಳೆದುಕೊಂಡೆ. ಸೊನ್ನೆಯನ್ನು ಹೊಡೆದು ಪೂರ್ತಿ ಅಂಕ ಹಾಕಿದೆ. ‘ಎಲ್ಲಿಂದ ಬಂತು?’ ಎಂಬುದನ್ನು ಮಾತ್ರ ಹಾಗೇ ಬಿಟ್ಟು, ಅದರ ಕೆಳಗೆ ಬರೆದೆ: ‘ನಾಳೆ ಹಲಗೆಯ ಮೇಲೆ ನಮಗೆಲ್ಲ ತೋರಿಸು. ಸೊನ್ನೆ ನನ್ನ ತಪ್ಪು, ಅದನ್ನು ಎಲ್ಲರೆದುರು ನಾನೇ ಹೇಳುತ್ತೇನೆ.’