ಆನೆಗುಂಡಿನ ಕಣ್ಣು

ಸೊಂಡಿಲು ಸಿಕ್ಕಿತು, ಬೆನ್ನು ಸಿಕ್ಕಿತು, ಕಣ್ಣು ಮಾತ್ರ ಯಾವ ಫೋಟೋದಲ್ಲೂ ಸಿಗಲೊಲ್ಲದು. ಬಿ.ಜಿ. ಕೆರೆ ದಾರಿಯ ಹೊಸ ಬಸ್ ತಂಗುದಾಣದ ಗೋಡೆ ಮುಂದೆ ನಿರ್ಮಲಾ ಮೊಬೈಲು ಹಿಡಿದು ಕೂತಿದ್ದಳು. ಚಿತ್ರ ಅಳತೆಗೆ ಬರಲೆಂದು ದಾರ ಹಿಡಿದು ಗೋಡೆಗೆಲ್ಲ ಚೌಕ ಹಾಕಿಯಾಗಿತ್ತು. ನಾಳೆ ಬೆಳಿಗ್ಗೆ ಬಣ್ಣ ಶುರುವಾಗಲೇಬೇಕು, ಸೋಮವಾರ ಉದ್ಘಾಟನೆ.

ಬರೆಯಬೇಕಾದದ್ದು ಆನೆಗುಂಡು. ರಸ್ತೆ ಅಗಲ ಮಾಡುವವರು ಸಿಡಿಮದ್ದು ಇಟ್ಟು ಪುಡಿ ಮಾಡುವ ತನಕ ಇದೇ ಜಾಗದಲ್ಲಿ ಮನೆಯೆತ್ತರ ನಿಂತಿದ್ದ ಬಂಡೆ. ಅದನ್ನು ಆನೆ ಮಾಡಿದವನು ಅವಳ ಗಂಡ ಪಾತಣ್ಣ. ಮದುವೆಗೆ ಮುಂಚೆ, ಅಂಗಡಿ ಬೋರ್ಡು ಬರೆದು ಉಳಿದ ಬಣ್ಣದಲ್ಲಿ ಬಂಡೆಗೊಂದು ಕಣ್ಣು ಬರೆದ, ಅಷ್ಟೇ! ಅವತ್ತಿನಿಂದ ಕಂಡಕ್ಟರುಗಳು "ಆನೆಗುಂಡು, ಯಾರ್ರೀ ಇಳಿಯೋರು?" ಅಂತ ಕೂಗತೊಡಗಿದರು. ಪಾತಣ್ಣ ತೀರಿಕೊಂಡ. ಅವನು ಬರೆದ ಬೋರ್ಡುಗಳ ಜಾಗಕ್ಕೆಲ್ಲ ಫ್ಲೆಕ್ಸು ಬಂತು. ಅವನ ಕೈಕೆಲಸ ಅಂತ ಉಳಿದಿದ್ದದ್ದು ಆ ಕಣ್ಣೊಂದೇ, ಈಗ ಅದೂ ಇಲ್ಲ. ಅದನ್ನು ಇದ್ದ ಹಾಗೇ ಗೋಡೆಗೆ ತರಬೇಕು ಅಂತ ಅವಳ ಹಟ.

ಊರವರು ಕಳಿಸಿದ ಫೋಟೋಗಳೇನು ಕಡಿಮೆಯೇ! ಆದರೆ ನಮ್ಮ ಜನ ಬಂಡೆಯ ಫೋಟೋ ಯಾಕೆ ತೆಗೆಯುತ್ತಾರೆ? ಬಂಡೆಯ ಮುಂದೆ ತಮ್ಮ ಫೋಟೋ ತೆಗೆಸಿಕೊಳ್ಳುತ್ತಾರೆ. ಮದುಮಕ್ಕಳು, ಹೊಸ ಟ್ರ್ಯಾಕ್ಟರು, ಹಾರ ಹಾಕಿದ ಟಗರು, ಎಲ್ಲವೂ ಸರಿಯಾಗಿ ಕಣ್ಣಿಗೇ ಅಡ್ಡ. ದಿನಾ ಅದರ ಮುಂದೆಯೇ ಓಡಾಡಿದ ನಿರ್ಮಲಾಳಿಗೂ ಆ ಕಣ್ಣು ಹೇಗಿತ್ತೆಂದು ನೆನಪಾಗಲಿಲ್ಲ. ಥೂ, ನನ್ನ ಕಣ್ಣಿಗೇನಾಗಿತ್ತು ಎಂದು ತನ್ನನ್ನೇ ಬೈದುಕೊಂಡಳು.

"ಯಾವ್ದೋ ಒಂದು ಕಣ್ಣು ಬರಿಯವ್ವ. ಆನೆ ಬಂದು ಜಗಳ ಆಡ್ತೈತಾ?" ಅಂದರು ಬಣ್ಣ ಕೊಡಿಸಿದ್ದ ಎಣ್ಣೆ ಮಿಲ್ಲಿನ ಮುರುಗೇಂದ್ರಪ್ಪ.

"ಆನೆ ಆಡಲ್ಲ ಸಾವ್ಕಾರ್ರೆ, ನಾನು ಆಡ್ತೀನಿ."

ಹೊತ್ತು ಇಳಿಯುವಾಗ ಲಾರಿ ಡ್ರೈವರ್ ಕೆಂಚಣ್ಣ ಒಂದು ಫೋಟೋ ಕಳಿಸಿದ. ಪಂಕ್ಚರಾಗಿ ನಿಂತ ಲಾರಿ, ಹಿಂದೆ ಆನೆಗುಂಡು, ಅಡ್ಡ ಯಾರೂ ಇಲ್ಲ. ನಿರ್ಮಲಾ ಅದನ್ನು ದೊಡ್ಡದು ಮಾಡಿದಳು. ಕಣ್ಣು ಒಂಚೂರು ಓರೆ. ಅದರ ಕೆಳಗೆ ಕಪ್ಪು ಬಣ್ಣ ಎರಡು ಗೆರೆಯಾಗಿ ಸೋರಿ ಇಳಿದಿತ್ತು. ಅಯ್ಯೋ ಪುಣ್ಯಾತ್ಮ! ಬಣ್ಣ ತೆಳುವಾಗಲಿ ಅಂತ ಡಬ್ಬಿಗೆ ಟರ್ಪೆಂಟೈನು ಸುರಿದೇ ಸುರಿಯುತ್ತಿದ್ದವನು, ಮದುವೆಗೆ ಮುಂಚೆಯೂ ಹೀಗೇ ಇದ್ದನಲ್ಲ! ನಗು ಬಂತು, ಅದರ ಬೆನ್ನಿಗೇ ಅಳು.

ಮುರುಗೇಂದ್ರಪ್ಪ ಬಗ್ಗಿ ನೋಡಿದರು. "ಸೋರಿರೋದು ಬಿಟ್ಟು ಬರಿ ತಾಯಿ. ಗಂಡನ ಜೊತೆ ಇಲ್ದೆ ನೀನೊಬ್ಳೇ ಬರೀತಿರೋ ಮೊದಲ್ನೇ ಗೋಡೆ ಇದು. ಇವ್ಳಿಗೆ ಬ್ರಷ್ ಹಿಡಿಯಾಕೇ ಬರಲ್ಲ ಅಂತಾರೆ ನೋಡಿದೋರು. ಆಮೇಲೆ ಇನ್ನೊಂದು ಗೋಡೆ ಯಾರು ಕೊಡ್ತಾರೆ?"

ಅವರ ಮಾತು ಸುಳ್ಳಲ್ಲ. ಉದ್ಘಾಟನೆಗೆ ಬಂದವರಿಗೆಲ್ಲ, ಸೋರಿಸಿದ್ದು ನಾನಲ್ಲ ಅಂತ ಹೇಳಿಕೊಂಡು ತಿರುಗಲಾದೀತೆ? ಪೆನ್ಸಿಲು ಹಿಡಿದು ಏಣಿ ಹತ್ತಿದಳು. ಚೌಕ ನೋಡಿಕೊಂಡು ಓರೆ ಕಣ್ಣನ್ನು ಓರೆಯಾಗಿಯೇ ಬರೆದಳು. ಆಮೇಲೆ ಕೈ ಅಲ್ಲೇ ನಿಂತಿತು. ಕೆಳಗೆ ಮುರುಗೇಂದ್ರಪ್ಪ "ಸಾಕು, ಸಾಕು, ಇಳಿ" ಅನ್ನುತ್ತಿದ್ದರು.

ಅವಳು ಇಳಿಯಲಿಲ್ಲ. ಗೆರೆ ಎರಡನ್ನೂ ಎಳೆದಳು, ಒಂದು ಉದ್ದ, ಒಂದು ಗಿಡ್ಡ, ಫೋಟೋದಲ್ಲಿದ್ದ ಹಾಗೇ.

ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ತಲೆ ಎತ್ತಿ ನೋಡಿ, "ಅದೇನವ್ವ, ಆನೆ ಅಳ್ತೈತಾ?" ಅಂದಳು.

"ಇಲ್ಲಜ್ಜಿ," ಅಂದಳು ನಿರ್ಮಲಾ, ಗೋಡೆಯಿಂದ ಕಣ್ಣು ಕೀಳದೆ. "ನಮ್ಮೋರು ಬಣ್ಣ ಬಾಳ ತೆಳು ಮಾಡ್ತಾರೆ. ಎಷ್ಟು ಹೇಳಿದ್ರೂ ಕೇಳಲ್ಲ."