ಹತ್ತು ವಾಕ್ಯದ ಅಮ್ಮ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಬಾಕಿ. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಟ್ಯೂಷನ್ ಟೀಚರ್ ಒದ್ದೆ ಬಟ್ಟೆಯಿಂದ ಕರಿಹಲಗೆ ಒರೆಸುತ್ತಿದ್ದಾರೆ. ಕಿರಿದಾದ ಮೆಟ್ಟಿಲು ಹತ್ತಿ ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಕಣ್ಣಲ್ಲಿ ಇನ್ನೂ ನಿದ್ದೆ, ಒಬ್ಬಳ ಸ್ವೆಟರ್ ಉಲ್ಟಾ. ಕೂತ ತಕ್ಷಣ ಪ್ರತಿಯೊಬ್ಬರೂ ಹಿಂದಿನ ದಿನ ಮನೆಯಲ್ಲಿ ನಿಜವಾಗಿ ಕಂಡದ್ದನ್ನು ಮನೆಮಾತಿನಲ್ಲೇ ಹೇಳಬೇಕು. ಅದನ್ನು ಇಂಗ್ಲಿಷಿಗೆ ತರುವುದೇ ಪಾಠ.

"ನಮ್ಮಪ್ಪ ಒಂದು ಕಾಲಿನ ಸಾಕ್ಸ್ ಹುಡುಕ್ತಿದ್ರು. ಸಿಗ್ಲಿಲ್ಲ. ಬೈದ್ರು," ಎನ್ನುತ್ತಾಳೆ ಸ್ವೆಟರಿನವಳು.

"ಯಾರನ್ನ ಬೈದ್ರು?"

"ಅಮ್ಮನ್ನ. ಆಮೇಲೆ ನೋಡಿದ್ರೆ ಅವರ ಶೂ ಒಳಗೇ ಇತ್ತು."

ಕೋಣೆ ಗೊಳ್ಳೆಂದು ನಗುತ್ತದೆ. ಸಾಕ್ಸು, ಬೈಗುಳ, ಶೂ ಇಷ್ಟೂ ಇಂಗ್ಲಿಷಾಗಲು ಕಾಲು ಗಂಟೆ ಹಿಡಿಯುತ್ತದೆ. ಪತ್ರಿಕೆಗೆ ಬರೆಯಲೆಂದು ಬಂದು ಬಾಗಿಲ ಬಳಿ ಕೂತ ನನ್ನ ಕಿವಿಯಲ್ಲಿ ಟೀಚರ ಗಂಡ ಪಿಸುಗುಡುತ್ತಾರೆ: "ಹುಷಾರಾಗಿರಿ. ನನ್ನ ಗೊರಕೆನೂ ಬಿಟ್ಟಿಲ್ಲ ಇವಳು, ಬೋರ್ಡ್ ಮೇಲೆ ಹಾಕಿಸಿದಾಳೆ."

ಐವತ್ತೆಂಟರ ಈ ಟೀಚರ್ ಯಾವ ಶಾಲೆಯಲ್ಲೂ ಕೆಲಸ ಮಾಡಿದವರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತಿದ್ದರು. ಸೇರಿದ ಹೊಸದರಲ್ಲಿ ಇಂಗ್ಲಿಷ್ ಬಾರದೆ, ಆಡಬೇಕಾದ ಅರವತ್ತು ವಾಕ್ಯಗಳನ್ನು ಚೀಟಿಯಲ್ಲಿ ಬರೆದುಕೊಂಡು ಉರು ಹೊಡೆದಿದ್ದರು. ಯಂತ್ರ ಬಂತು, ಕೆಲಸ ಹೋಯಿತು. ಮಗಳಿಗೆ ಹೇಳಿಕೊಡಲು ಕೂತವರ ಸುತ್ತ ಅಕ್ಕಪಕ್ಕದ ಮಕ್ಕಳೂ ಬಂದು ಕೂತರು. ಅದಕ್ಕೀಗ ಇಪ್ಪತ್ತೆರಡು ವರ್ಷ.

"ಬಾಯಿಪಾಠ ನನಗೆ ಅನ್ನ ಕೊಡ್ತು. ಅದಕ್ಕೇ ಮಕ್ಕಳಿಗೂ ಅದನ್ನೇ ತಿನ್ನಿಸ್ದೆ," ಎನ್ನುತ್ತಾರೆ.

ಅವರ ಬಳಿ ನೀಲಿ ಬೈಂಡಿನ ಒಂದು ಪುಸ್ತಕವಿತ್ತು. ಅದರಲ್ಲಿ ಇಪ್ಪತ್ತು ಪ್ರಬಂಧ, ಒಂದೊಂದಕ್ಕೆ ಹತ್ತೇ ವಾಕ್ಯ. ನನ್ನ ಶಾಲೆ, ನನ್ನ ಗೆಳತಿ, ನನ್ನ ಅಮ್ಮ. ಪರೀಕ್ಷೆಯಲ್ಲಿ ಕೇಳಿದರೆ ಮಕ್ಕಳು ನೀರು ಕುಡಿದ ಹಾಗೆ ಬರೆದು ಬರುತ್ತಿದ್ದರು. ಆಗ ಎರಡು ಹೊತ್ತು ಸೇರಿ ನಲವತ್ತೆರಡು ಮಕ್ಕಳು, ಮೆಟ್ಟಿಲ ಮೇಲೂ ಕೂರುತ್ತಿದ್ದರು. ಎರಡು ವರ್ಷದ ಹಿಂದೆ ಟೀಚರ್ ಆ ಪುಸ್ತಕವನ್ನು ಹರಿದು ಒಲೆಗೆ ಹಾಕಿದರು. ಈಗ ಹನ್ನೊಂದೇ ಮಕ್ಕಳು. "ನಮ್ಮನೆ ಜಗಳ ಊರಿಗೆಲ್ಲ ಇಂಗ್ಲಿಷಲ್ಲಿ ಗೊತ್ತಾಗ್ಬೇಕಾ?" ಎಂದು ಒಬ್ಬ ತಾಯಿ ಮಗುವನ್ನು ಬಿಡಿಸಿಕೊಂಡು ಹೋದರಂತೆ. ಆಕೆಯದೂ ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಯಾಕೆ ಹರಿದಿರಿ ಎಂದರೆ ಟೀಚರ್ ಹಳೆಯದೊಂದು ಸಂಗತಿಯಿಂದ ಶುರುಮಾಡುತ್ತಾರೆ. ಹದಿನೈದು ವರ್ಷದ ಹಿಂದೆ ಮೂರನೇ ಕ್ಲಾಸಿನ ಒಬ್ಬ ಹುಡುಗಿ ಎಂಟು ದಿನ ಪಾಠಕ್ಕೆ ಬರಲಿಲ್ಲ. ಒಂಬತ್ತನೇ ದಿನ ಬಂದಳು.

"ಎಲ್ಲಿಗೆ ಹೋಗಿದ್ಯೇ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ. ಪಾಠ ಹಿಂದೆ ಬಿತ್ತು ಅನ್ನೋದೊಂದೇ ತಲೇಲಿ. ನಿಲ್ಲಿಸಿ, 'ನನ್ನ ಅಮ್ಮ' ಪ್ರಬಂಧಾನ ಹತ್ತು ಸಲ ಹೇಳಿಸ್ದೆ. ಎಲ್ಲೂ ತಡವರಿಸದೇ ಹೇಳಿದ್ಲು. ಚಪ್ಪಾಳೆ ತಟ್ಟಿಸ್ದೆ."

ತಾಯಿ ತೀರಿಕೊಂಡು ಆಗ ವಾರವಾಗಿತ್ತು. ಟೀಚರಿಗೆ ವಿಷಯ ತಿಳಿದದ್ದು ಪರೀಕ್ಷೆ ಮುಗಿದ ಮೇಲೆ. ಹುಡುಗಿಗೆ ಪೂರ್ತಿ ಅಂಕ ಬಂದಿತ್ತು. "ಅಯ್ಯೋ ಪಾಪ ಅಂದೆ. ಅಷ್ಟೇ. ಮಾರನೇ ದಿನ ಅದೇ ಪ್ರಬಂಧ ಬೇರೆಯವರಿಗೆ ಹೇಳಿಕೊಟ್ಟೆ," ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಎರಡು ವರ್ಷದ ಹಿಂದೆ ಕನ್ನಡಕದ ಅಂಗಡಿಯಲ್ಲಿ ಫ್ರೇಮನ್ನು ಅವರ ಕಿವಿಗೆ ಸರಿಹೊಂದಿಸುತ್ತಿದ್ದ ಯುವತಿ, "ಟೀಚರ್, ಗುರುತು ಸಿಗ್ಲಿಲ್ವಾ?" ಎಂದಳು. ಅದೇ ಹುಡುಗಿ. ಇಂಗ್ಲಿಷ್ ನೆನಪಿದೆಯಾ ಎಂದು ಇವರು ತಮಾಷೆಗೆ ಕೇಳಿದರು. ಗಾಜು ಒರೆಸುತ್ತಲೇ ಅವಳು ಆ ಹತ್ತೂ ವಾಕ್ಯ ಹೇಳಿ ಮುಗಿಸಿದಳು. ಅಮ್ಮ ಐದಕ್ಕೆ ಏಳುತ್ತಾಳೆ. ಅಮ್ಮ ನನ್ನ ತಲೆ ಬಾಚುತ್ತಾಳೆ. ಅಮ್ಮ ಯಾವಾಗಲೂ ನಗುತ್ತಿರುತ್ತಾಳೆ. ಟೀಚರ್ ಹೆಮ್ಮೆಯಿಂದ ಉಬ್ಬಿಹೋದರು.

"ಆಮೇಲೆ ಅವಳು ತಣ್ಣಗೆ ಹೇಳಿದ್ಲು: 'ನಮ್ಮಮ್ಮ ಆಸ್ಪತ್ರೇಲಿ ರಾತ್ರಿ ಪಾಳಿ ಮಾಡ್ತಿದ್ಲಂತೆ, ಬೆಳಿಗ್ಗೆ ಮಲಗೇ ಇರ್ತಿದ್ಲಂತೆ. ನನ್ನ ತಲೆ ಬಾಚ್ತಿದ್ದಿದ್ದು ಅಪ್ಪನಂತೆ. ಆದ್ರೆ ನನಗೆ ಅಮ್ಮ ಅಂದ್ರೆ ಐದಕ್ಕೆ ಎದ್ದು ತಲೆ ಬಾಚೋದೇ ನೆನಪಾಗೋದು, ಟೀಚರ್. ಬೇರೆ ಏನೂ ಇಲ್ಲ.' ಕೋಪ ಮಾಡ್ಕೊಂಡಿದ್ರೂ ತಡ್ಕೋತಿದ್ದೆ. ಥ್ಯಾಂಕ್ಸ್ ಹೇಳಿದ್ಲು ಅವಳು."

ಕ್ಷಮೆ ಕೇಳಿದಿರಾ ಎಂದೆ. ಎರಡು ಸಲ ಆ ಅಂಗಡಿಯವರೆಗೆ ಹೋಗಿ ವಾಪಸ್ ಬಂದಿದ್ದಾರಂತೆ. ಅವಳಿಗೆ ಉಳಿದಿರುವ ಆ ಒಬ್ಬ ಅಮ್ಮನನ್ನೂ ಸುಳ್ಳೆಂದು ಹೇಳುವುದು ಹೇಗೆ ಎಂದು ನನ್ನನ್ನೇ ಕೇಳುತ್ತಾರೆ.

ಏಳೂವರೆಗೆ ಪಾಠ ಮುಗಿದು ಮಕ್ಕಳು ದಡಬಡ ಇಳಿದು ಹೋಗುತ್ತಾರೆ. ಇನ್ನೇನು ಆಸೆ ಇದೆ ನಿಮಗೆ ಎಂದು, ಈ ಅಂಕಣದಲ್ಲಿ ನಾವು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳುತ್ತೇನೆ.

"ಕಲಿಸ್ದೋರೆಲ್ಲ ಮಕ್ಕಳು ನೆನಪಿಟ್ಕೊಳ್ಲಿ ಅಂತಾರೆ. ನಾನು, ಅವಳು ಮರೀಲಿ ಅಂತೀನಿ. ಆ ಹತ್ತೂ ವಾಕ್ಯ ಮರೀಲಿ. ಆಗ್ಲಾದ್ರೂ ಅವಳಿಗೆ ಮಲಗಿರೋ ಅಮ್ಮ ಕಾಣಿಸ್ತಾಳೇನೋ."