ತಂಗಡಿ ಬೀಜ

ನಾಲೆಯ ನೀರು ಬಂದಮೇಲೆ ಬೆಸಗರಹಳ್ಳಿ ಕಡೆಯ ಬೀಳುಗಳೆಲ್ಲ ಕಬ್ಬಿನ ಗದ್ದೆಗಳಾದವು. ಅಲ್ಲಿ ತಾನಾಗಿ ಬೆಳೆದು ಹಳದಿ ಹೂ ಬಿಡುತ್ತಿದ್ದ ತಂಗಡಿ ಗಿಡಗಳು ನೇಗಿಲಿಗೆ ಸಿಕ್ಕಿ ಒಲೆ ಸೇರಿದವು. ಹುಚ್ಚೀರಯ್ಯನಿಗೋ ಸಿಹಿಮೂತ್ರದ ಕಾಯಿಲೆ. ದಿನಾ ಬೆಳಿಗ್ಗೆ ತಂಗಡಿ ಹೂವಿನ ಕಷಾಯ ಕುಡಿದರೇ ಮೈಯಲ್ಲಿ ಕಸುವು. ಹಾಗಾಗಿ ಹಿತ್ತಲಲ್ಲಿ ತಂಗಡಿ ಬೆಳೆಸುವ ಕೆಲಸ ಸೊಸೆ ಮರಿತಾಯಮ್ಮನ ಪಾಲಿಗೆ ಬಂತು. ರಾಗಿ ಬೀಸುವುದು, ಕೊಟ್ಟಿಗೆ ಬಾಚುವುದು, ಗದ್ದೆಗೆ ಬುತ್ತಿ ಹೊರುವುದರ ಮೇಲೆ ಇನ್ನೊಂದು.

ಅವಳು ಮಳವಳ್ಳಿ ಕಡೆಯ ಬೆಂಗಾಡಿನಲ್ಲಿ ಹುಟ್ಟಿದವಳು. ತಂಗಡಿ ಬೀಜದ ಸಿಪ್ಪೆ ಬಲು ಗಟ್ಟಿ, ಒರಟುಗಲ್ಲಿಗೆ ಉಜ್ಜಿ ನೆಡದಿದ್ದರೆ ಮಣ್ಣಲ್ಲೇ ಮಲಗಿರುತ್ತದೆ ಎಂದು ಅವ್ವ ಕಲಿಸಿದ್ದಳು. ಬೇರೂರಿದ ಮೇಲೆ ನೀರು ಬೇಡ, ಗೊಬ್ಬರ ಬೇಡ. ವರ್ಷಕ್ಕೊಮ್ಮೆ ಕುಡುಗೋಲಲ್ಲಿ ಸವರಿದರೆ ಸಾಕು. ನಾಲ್ಕು ಗಿಡ ಎದೆಯೆತ್ತರ ಬಂದವು. ಹೂ ಬಿಡಿಸುವುದು ಅವಳು, ಕುದಿಸುವುದು ಅವಳು. ಊರವರ ಮುಂದೆ ಹುಚ್ಚೀರಯ್ಯ ಹೊಗಳುತ್ತಿದ್ದುದು ಮಾತ್ರ ಕಷಾಯ ಹೇಳಿದ ಪಂಡಿತರನ್ನು.

ಯುದ್ಧ ಶುರುವಾದ ವರ್ಷ ಅವ್ವ ಹಾಸಿಗೆ ಹಿಡಿದ ಸುದ್ದಿ ಬಂತು.

"ಎಂಟು ದಿನ ಓಗ್ಬುಟ್ಟು ಬತ್ತೀನಿ ಮಾವ."

"ಕಸಾಯ ಯಾರವ್ವ ಕಾಯ್ಸೋರು? ನಿಮ್ಮತ್ತೆ ಕಾಯ್ಸಿದ್ರೆ ಕಲಗಚ್ಚು ಆಯ್ತದೆ. ಅಷ್ಟು ದಿನಕ್ಕಾಗೋ ಹೂವ ಒಣಗಿಸಿ ಮಡಗ್ಬುಟ್ಟು ಓಗು."

ದಿನದ ಕಷಾಯಕ್ಕೆ ಹೋಗಿ ಒಂದು ಹಿಡಿ ಹೂ ಮಿಗುತ್ತಿತ್ತು. ಅದನ್ನೇ ಮೊರದಲ್ಲಿ ಹರಡಿ, ಒಣಗಿಸಿ, ಗಡಿಗೆಗೆ ತುಂಬಿದಳು. ಗಂಡ ಚಿಕ್ಕಬೋರಯ್ಯ ನೋಡಿ ನಕ್ಕ.

"ಇಂಗಾದ್ರೆ ನೀನು ಅವ್ವನ ಮನೆಗೆ ಓದಂಗೇಯ. ನಾಲೆ ನೀರು ಬುಟ್ರೆ ಹೂವು ಗಿಡ ತುಂಬ ಬತ್ತವೆ."

"ಬ್ಯಾಡಿ. ತಂಗಡಿಗೆ ನೀರಾಗಕಿಲ್ಲ."

"ಕಬ್ಬು ಬೆಳೆಯೋನ್ಗೆ ಬೇಸಾಯ ಯೋಳ್ಕೊಡಕ್ ಬಂದ್ಲು ಇವಳು."

ಅವಳು ಬುತ್ತಿ ಹೊತ್ತು ಹೋಗಿದ್ದಾಗ ಅವನು ಹಿತ್ತಲಿಗೆ ನೀರು ತಿರುಗಿಸಿದ. ನಾಲ್ಕು ದಿನ ಬುಡದಲ್ಲಿ ನೀರು ನಿಂತಿತು. ಎಲೆ ಹಳದಿಯಾಗಿ ಉದುರಿತು, ಬೇರು ಕೊಳೆತು ನಾರಿತು.

"ಇವಳೇ ಏನೋ ಮಾಡವ್ಳೆ. ಅವ್ವನ ಮನೆ ಗ್ಯಾನ," ಎಂದಳು ಅತ್ತೆ. ಚಿಕ್ಕಬೋರಯ್ಯ ಗುದ್ದಲಿ ಹೆಗಲಿಗೇರಿಸಿ ಗದ್ದೆ ಕಡೆ ನಡೆದ.

ಗಡಿಗೆಯ ಹೂವೆಲ್ಲ ಮಾವನ ಕಷಾಯವಾಯಿತು. ಅವಳೇ ಕುದಿಸಿದಳು. ಗಡಿಗೆ ಬರಿದಾದ ಮಾರನೆಯ ದಿನ ತವರಿನಿಂದ ಆಳು ಬಂದ. ಅವ್ವ ತೀರಿಕೊಂಡಿದ್ದಳು. ಸಾವಿಗೆ ಹೋಗಬೇಡವೆಂದು ಯಾರೂ ಹೇಳಲಿಲ್ಲ.

"ಬತ್ತಾ ತಂಗಡಿ ಬೀಜ ತಕಬಾರವ್ವ," ಎಂದ ಹುಚ್ಚೀರಯ್ಯ.

ತಿಥಿ ಮುಗಿಸಿ ಬಂದ ಸಂಜೆಯೇ ಅವಳು ಸೆರಗಿನ ಗಂಟು ಬಿಚ್ಚಿದಳು. ಬಚ್ಚಲ ಪಕ್ಕ ಹಿಂದೆ ಬೀಜ ಉಜ್ಜಿದ್ದ ಒರಟುಗಲ್ಲು ಇತ್ತು. ಅದನ್ನು ಒಮ್ಮೆ ನೋಡಿದಳು. ನುಣುಪು ಬೀಜಗಳನ್ನು ಹಾಗೇ ಮಣ್ಣಿಗೆ ಒತ್ತಿ ಕೈ ತೊಳೆದುಕೊಂಡಳು.

ಆಮೇಲೆ ದಿನಾ ಬೆಳಿಗ್ಗೆ ಹುಚ್ಚೀರಯ್ಯ ಕೋಲೂರಿಕೊಂಡು ಹಿತ್ತಲಿಗೆ ಬರುತ್ತಿದ್ದ.

"ಮೊಳ್ತವೇನವ್ವ?"

"ಇಲ್ಲ ಮಾವ. ನಾಲೆ ನೀರು ಕುಡುದ್ ನೆಲ ಅಲ್ವರಾ," ಎಂದು ಹೇಳಿ ಅವಳು ರಾಗಿಕಲ್ಲಿನ ಗೂಟ ಹಿಡಿಯುತ್ತಿದ್ದಳು.